ಹಲ್ಲು ಕಟ್ಟುವ ಊರಿನಲ್ಲಿ ಕಣ್ಣು ಏಕೆ ಸಿಗಬಾರದು?

ತರಗತಿಯಲ್ಲಿ ನಾನು ಯಾವಾಗಲೂ ಬೆಂಚಿನ ಬಲತುದಿಯಲ್ಲೇ ಕೂರುತ್ತೇನೆ. ಆ ಜಾಗಕ್ಕಾಗಿ ಮೊದಲ ವರ್ಷ ಒಂದಿಬ್ಬರು ಗೆಳತಿಯರ ಜೊತೆ ಜಗಳ ಆಡಿದ್ದೂ ಉಂಟು. ಅವರು ನನ್ನನ್ನು ಹಟಮಾರಿ ಎಂದುಕೊಂಡರು. ಕಾರಣ ಹೇಳಲು ನನಗೆ ಧೈರ್ಯ ಇರಲಿಲ್ಲ. ಇವತ್ತು ಹೇಳುತ್ತೇನೆ. ನನ್ನ ಬಲಗಣ್ಣು ಅಕ್ರಿಲಿಕ್‌ನದು. ಬಲಗಡೆ ಯಾರಾದರೂ ಕೂತರೆ ಅವರು ನನಗೆ ಕಾಣುವುದಿಲ್ಲ. ಬಲತುದಿಯಲ್ಲಿ ಕೂತರೆ ಇಡೀ ತರಗತಿ ನನ್ನ ಎಡಗಡೆ ಇರುತ್ತದೆ, ಎಲ್ಲರೂ ಕಾಣುತ್ತಾರೆ. ಅಷ್ಟೇ ವಿಷಯ.

ಈ ಲೇಖನ ಬರೆಯುತ್ತಿರುವುದು ಕನಿಕರ ಕೇಳಲು ಅಲ್ಲ. ನಮ್ಮ ಜಿಲ್ಲೆಯಲ್ಲಿ ಸುಲಭವಾಗಿ ಆಗಬಹುದಾದ ಒಂದು ಕೆಲಸ ಆಗುತ್ತಿಲ್ಲ, ಅದರ ಬಗ್ಗೆ ನನ್ನ ಅಭಿಪ್ರಾಯ ಹೇಳಲು ಬರೆಯುತ್ತಿದ್ದೇನೆ.

ಮೊದಲು ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ನಾನು ಐದನೇ ತರಗತಿಯಲ್ಲಿದ್ದೆ. ಹೊಳಲ್ಕೆರೆ ತಾಲ್ಲೂಕಿನ ನಮ್ಮ ಊರಿನಲ್ಲಿ ಮೆಕ್ಕೆಜೋಳದ ಹೊಲದಲ್ಲಿ ಆಡುವಾಗ ಜೋಳದ ಗರಿ ಕಣ್ಣಿಗೆ ತಗುಲಿತು. ರಕ್ತ ಬರಲಿಲ್ಲ, ಕಣ್ಣು ಕೆಂಪಾಗಿ ನೀರು ಸುರಿಯಿತು. ಮನೆಯವರು ಔಷಧಿ ಅಂಗಡಿಯಿಂದ ಡ್ರಾಪ್ಸ್ ತಂದು ಹಾಕಿದರು. ಎರಡು ದಿನ ಕೆಂಪು ಕಡಿಮೆ ಆಯಿತು, ಆಮೇಲೆ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣಿಸಿತು. ಅಮ್ಮಿ ಅದನ್ನು ಪೊರೆ ಎಂದುಕೊಂಡರು. ಅದು ಹುಣ್ಣು. ಗಿಡದ ಗರಿ, ಮುಳ್ಳು, ಹೊಟ್ಟು ತಗುಲಿದ ಕಣ್ಣಿಗೆ ಶಿಲೀಂಧ್ರದ ಸೋಂಕು ಆಗುವ ಅಪಾಯ ಇರುತ್ತದೆ. ಅಂಥ ಕಣ್ಣಿಗೆ ಸ್ಟೀರಾಯ್ಡ್ ಇರುವ ಡ್ರಾಪ್ಸ್ ಹಾಕಿದರೆ ಕೆಂಪು ಇಳಿಯುತ್ತದೆ, ಒಳಗೆ ಸೋಂಕು ಬೆಳೆಯುತ್ತದೆ. ಇದನ್ನು ನಮಗೆ ದೊಡ್ಡ ಆಸ್ಪತ್ರೆಯ ವೈದ್ಯರು ವಿವರಿಸುವ ಹೊತ್ತಿಗೆ ಕಾರ್ನಿಯಾ ತೂತಾಗಿತ್ತು. ಕಣ್ಣಿನ ಒಳಗಿನದನ್ನೆಲ್ಲ ತೆಗೆಯಬೇಕಾಯಿತು. ಅಬ್ಬಾ ಕಾಗದಕ್ಕೆ ಸಹಿ ಹಾಕಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರಂತೆ.

ನೀವು ಈ ಲೇಖನದ ಉಳಿದ ಭಾಗ ಓದದಿದ್ದರೂ ಇಷ್ಟು ನೆನಪಿಟ್ಟುಕೊಳ್ಳಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬರುವ ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಹೊಲದ ಕೆಲಸ ಇದೆ. ತೆಂಗಿನಕಾಯಿ ಸುಲಿಯುವಾಗ, ಅಡಿಕೆ ಇಳಿಸುವಾಗ, ಶೇಂಗಾ ಬಡಿಯುವಾಗ, ಕಲ್ಲು ಒಡೆಯುವಾಗ, ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಏನಾದರೂ ತಗುಲಿದರೆ ಚೀಟಿ ಇಲ್ಲದೆ ಡ್ರಾಪ್ಸ್ ಹಾಕಬೇಡಿ. ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ.

ಈಗ ಕೃತಕ ಕಣ್ಣಿನ ವಿಷಯಕ್ಕೆ ಬರುತ್ತೇನೆ. ಜನರಿಗೆ ಇದರ ಬಗ್ಗೆ ಮೂರು ತಪ್ಪು ತಿಳಿವಳಿಕೆ ಇದೆ.

ಮೊದಲನೆಯದು, ಅದು ಗೋಲಿಯಂತೆ ದುಂಡಗಿರುತ್ತದೆ ಎನ್ನುವುದು. ಸಿನಿಮಾದಲ್ಲಿ ಗಾಜಿನ ಕಣ್ಣು ಉರುಳಿ ಬೀಳುವುದನ್ನು ನೋಡಿ ಹಾಗೆ ಅಂದುಕೊಳ್ಳುತ್ತಾರೆ. ನಿಜಕ್ಕೂ ಅದು ಚಿಪ್ಪಿನ ಆಕಾರದ್ದು. ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಒಳಗೆ ಒಂದು ಗುಂಡನೆಯ ಇಂಪ್ಲಾಂಟ್ ಇಟ್ಟು ಮೇಲೆ ಹೊಲಿಯುತ್ತಾರೆ. ಗಾಯ ಮಾಗಲು ಆರು ವಾರದಷ್ಟು ಕಾಯಬೇಕು. ಆಮೇಲೆ ಆ ಗುಲಾಬಿ ಬಣ್ಣದ ಪೊರೆಯ ಮೇಲೆ, ರೆಪ್ಪೆಗಳ ಹಿಂದೆ ಈ ಚಿಪ್ಪನ್ನು ಕೂರಿಸುತ್ತಾರೆ.

ಎರಡನೆಯದು, ಅದರಿಂದ ಸ್ವಲ್ಪವಾದರೂ ಕಾಣುತ್ತದೆ ಎನ್ನುವುದು. ಏನೂ ಕಾಣುವುದಿಲ್ಲ.

ಮೂರನೆಯದು, ನೇತ್ರದಾನದಿಂದ ಬಂದ ಕಣ್ಣನ್ನೇ ನನಗೆ ಹಾಕಬಹುದಿತ್ತಲ್ಲ ಎನ್ನುವುದು. ಇಡೀ ಕಣ್ಣನ್ನು ಕಸಿ ಮಾಡಿ ದೃಷ್ಟಿ ತರಲು ಇವತ್ತಿಗೂ ಸಾಧ್ಯವಾಗಿಲ್ಲ. ದಾನದ ಕಣ್ಣಿನಿಂದ ಕಸಿ ಮಾಡುವುದು ಮುಖ್ಯವಾಗಿ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾವನ್ನು. 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದಿಂದ ನಾಯಕರಾದ ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರಲ್ಲಿ ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಕಾರ್ನಿಯಾದ ಪದರಗಳನ್ನು ಬೇರ್ಪಡಿಸಿ ಕಸಿ ಮಾಡಿದ್ದರಿಂದ ಎರಡು ಕಣ್ಣು ನಾಲ್ವರಿಗೆ ಸಾಕಾಯಿತು. ಇದು ದೊಡ್ಡ ಪುಣ್ಯದ ಕೆಲಸ. ಆದರೆ ಕಣ್ಣೇ ಹೋದ ನನ್ನಂಥವರಿಗೆ ಇರುವ ದಾರಿ ಕೃತಕ ಕಣ್ಣು ಒಂದೇ.

ನನಗೆ ಮೊದಲು ಸಿಕ್ಕಿದ್ದು ರೆಡಿಮೇಡ್ ಕಣ್ಣು. ಒಂದು ಡಬ್ಬಿಯಲ್ಲಿ ಹಲವಾರು ಕಣ್ಣುಗಳಿದ್ದವು. ಬಳೆ ಅಂಗಡಿಯಲ್ಲಿ ಅಳತೆ ನೋಡಿದ ಹಾಗೆ ಒಂದೊಂದೇ ಹಾಕಿ ನೋಡಿ ಹತ್ತಿರದ್ದನ್ನು ಕೊಟ್ಟರು. ಬೆಲೆ ಕೆಲವು ನೂರು ರೂಪಾಯಿ. ಆ ಕಣ್ಣು ಎಡಗಣ್ಣಿಗಿಂತ ಸ್ವಲ್ಪ ದೊಡ್ಡದಾಗಿತ್ತು, ನಾನು ಯಾವ ಕಡೆ ತಿರುಗಿದರೂ ಅದು ನೇರ ದಿಟ್ಟಿಸುತ್ತಿತ್ತು. ಹಿಂದೆ ಜಾಗ ಖಾಲಿ ಉಳಿದು ಅಲ್ಲಿ ನೀರು ನಿಂತು ಯಾವಾಗಲೂ ಪಿಚ್ಚು ಬರುತ್ತಿತ್ತು. ಆರು ಮತ್ತು ಏಳನೇ ತರಗತಿಯಲ್ಲಿ ನನ್ನ ಹೆಸರು ಹಿಡಿದು ಕರೆದವರು ಕಡಿಮೆ. 'ಒಕ್ಕಣ್ಣಿ' ಎಂದು ಕರೆದವರೇ ಹೆಚ್ಚು. ನಮ್ಮ ಮನೆಯ ಹೆಂಗಸರು ಹೊರಗೆ ಹೋಗುವಾಗ ನಿಖಾಬ್ ಹಾಕುತ್ತಾರೆ. ನಾನು ದೊಡ್ಡವಳಾದ ಮೇಲೆ ನಿಖಾಬ್ ಹಾಕಿದರೆ ಎಲ್ಲ ಮುಚ್ಚಿಹೋಗುತ್ತದೆ ಎಂದು ಒಬ್ಬರು ಸಮಾಧಾನ ಹೇಳಿದರು. ನಾನು ಆಗಲೇ ಯೋಚಿಸಿದ್ದೆ. ನಿಖಾಬ್ ಹಾಕಿದಾಗ ಜಗತ್ತಿಗೆ ಕಾಣುವುದು ಕಣ್ಣು ಮಾತ್ರ.

ಎಂಟನೇ ತರಗತಿಯಲ್ಲಿ ಬೆಂಗಳೂರಿನಲ್ಲಿ ಅಳತೆ ಕೊಟ್ಟು ಕಣ್ಣು ಮಾಡಿಸಿದೆವು. ಆ ಎರಡು ದಿನ ನಾನು ನೋಡಿದ್ದನ್ನು ವಿಜ್ಞಾನದ ವಿದ್ಯಾರ್ಥಿಗಳಿಗೆ ಹೇಳಲೇಬೇಕು.

ಮೊದಲು ಕಣ್ಣಿನ ಗುಳಿಯ ಅಚ್ಚು ತೆಗೆದರು. ಆಲ್ಜಿನೇಟ್ ಎಂಬ ಪುಡಿಯನ್ನು ನೀರಿನಲ್ಲಿ ಕಲಸಿ ಮೆತ್ತಗೆ ಒಳಗೆ ಬಿಟ್ಟರು. ತಣ್ಣಗಾಯಿತು, ಒಂದೆರಡು ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಯಿತು, ನೋವಾಗಲಿಲ್ಲ. ಆ ಅಚ್ಚಿನಿಂದ ಮೇಣದ ಚಿಪ್ಪು ಮಾಡಿ ನನಗೆ ಹಾಕಿ ನೋಡಿದರು. ರೆಪ್ಪೆ ಎಷ್ಟು ಏಳುತ್ತದೆ, ಎಡಗಣ್ಣಿನಷ್ಟೇ ಉಬ್ಬು ಇದೆಯೇ ಎಂದು ನೋಡುತ್ತಾ ಮೇಣವನ್ನು ಕೆರೆದರು, ಸೇರಿಸಿದರು, ಮತ್ತೆ ಕೆರೆದರು. ನನ್ನನ್ನು ನೇರ ನೋಡಲು ಹೇಳಿ ಪಾಪೆ ಎಲ್ಲಿ ಬರಬೇಕೆಂದು ಗುರುತು ಹಾಕಿದರು. ಆಮೇಲೆ ಆ ಮೇಣವನ್ನು ಜಿಪ್ಸಂ ತುಂಬಿದ ಲೋಹದ ಫ್ಲಾಸ್ಕಿನಲ್ಲಿ ಮುಚ್ಚಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಬಿಳಿ ಅಕ್ರಿಲಿಕ್ ತುಂಬಿ, ಬಿಸಿನೀರಿನಲ್ಲಿ ಬೇಯಿಸಿ ಗಟ್ಟಿ ಮಾಡಿದರು.

ಮರುದಿನ ಬಣ್ಣ. ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿದರು. ನನ್ನ ಕಣ್ಣು ಕಂದು ಎಂದೇ ನಾನು ತಿಳಿದಿದ್ದೆ. ಅವರು ನಾಲ್ಕೈದು ಬಣ್ಣ ಬೆರೆಸಿದರು. ಅಂಚಿಗೆ ಗಾಢ ಕಂದು, ಒಳಗೆ ಜೇನಿನ ಬಣ್ಣ, ಪಾಪೆಯ ಸುತ್ತ ಇನ್ನೊಂದು. ಬಿಳಿ ಭಾಗವೂ ಪೂರ್ತಿ ಬಿಳಿಯಲ್ಲ. ಅದಕ್ಕೆ ಸ್ವಲ್ಪ ಹಳದಿ ಹಚ್ಚಿ, ಕೆಂಪು ರೇಷ್ಮೆಯ ದಾರದಿಂದ ಎಳೆ ಬಿಡಿಸಿ ರಕ್ತನಾಳಗಳಂತೆ ಅಂಟಿಸಿದರು. ಮೇಲೆ ಪಾರದರ್ಶಕ ಅಕ್ರಿಲಿಕ್ ಪದರ ಕೂರಿಸಿ ಮತ್ತೆ ಬೇಯಿಸಿ, ಗಾಜಿನಂತೆ ಹೊಳೆಯುವವರೆಗೆ ಪಾಲಿಶ್ ಮಾಡಿದರು. ಹಾಕಿಕೊಂಡು ಕನ್ನಡಿ ನೋಡಿದೆ. ಎಡಕ್ಕೆ ನೋಡಿದರೆ ಅದೂ ಸ್ವಲ್ಪ ಎಡಕ್ಕೆ ತಿರುಗಿತು. ಅಬ್ಬಾ ನನ್ನ ಮುಖ ನೋಡದೆ ಕಿಟಕಿಯ ಹೊರಗೆ ನೋಡುತ್ತಾ ನಿಂತರು.

ಈಗ ನನ್ನ ವಾದಕ್ಕೆ ಬರುತ್ತೇನೆ. ಆಲ್ಜಿನೇಟ್, ಮೇಣ, ಜಿಪ್ಸಂ, ಫ್ಲಾಸ್ಕ್, ಅಕ್ರಿಲಿಕ್, ಪಾಲಿಶ್ ಎಂದೆನಲ್ಲ, ಇದನ್ನೆಲ್ಲ ನೀವು ಎಲ್ಲಿಯೂ ಕೇಳಿಲ್ಲವೇ? ನಿಮ್ಮ ಅಜ್ಜನಿಗೋ ದಾದಿಗೋ ಹಲ್ಲಿನ ಸೆಟ್ ಕಟ್ಟಿಸಿದ್ದರೆ ನೆನಪು ಮಾಡಿಕೊಳ್ಳಿ. ಅದೇ ಸಾಮಾನು, ಅದೇ ವಿಧಾನ. ಹಲ್ಲಿನ ಸೆಟ್ಟಿನ ಗುಲಾಬಿ ವಸಡು ಮತ್ತು ನನ್ನ ಬಲಗಣ್ಣು ಎರಡೂ ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಒಂದೇ ಪ್ಲಾಸ್ಟಿಕ್.

ಇದು ಕಾಕತಾಳೀಯವಲ್ಲ. ಕೃತಕ ಕಣ್ಣಿನ ಚರಿತ್ರೆ ಬಹಳ ಹಳೆಯದು. ಇರಾನಿನ ಶಹರ್-ಎ-ಸುಖ್ತೆಯಲ್ಲಿ ಸುಮಾರು 4800 ವರ್ಷಗಳ ಹಿಂದಿನ ಒಬ್ಬ ಹೆಂಗಸಿನ ಗೋರಿಯಲ್ಲಿ ಕೃತಕ ಕಣ್ಣು ಸಿಕ್ಕಿದೆ. ಯುರೋಪಿನಲ್ಲಿ ಶತಮಾನಗಳ ಕಾಲ ಗಾಜಿನ ಕಣ್ಣು ಊದುತ್ತಿದ್ದರು. 19ನೇ ಶತಮಾನದಲ್ಲಿ ಜರ್ಮನಿಯ ಲೌಷಾ ಎಂಬ ಊರು ಅದಕ್ಕೆ ಹೆಸರಾಯಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಗಾಜು ಅಮೆರಿಕಕ್ಕೆ ಬರುವುದು ನಿಂತಿತು. ಆದರೆ ಕಣ್ಣು ಕಳೆದುಕೊಂಡ ಸೈನಿಕರು ಬರುತ್ತಲೇ ಇದ್ದರು. ಆಗ ಅಮೆರಿಕದ ಸೈನ್ಯದ ದಂತ ವೈದ್ಯರು ತಮ್ಮ ಹಲ್ಲು ಕಟ್ಟುವ ಅಕ್ರಿಲಿಕ್‌ನಿಂದಲೇ ಕಣ್ಣು ಮಾಡಲು ಶುರು ಮಾಡಿದರು. ಒಡೆಯುವ ಗಾಜಿನ ಬದಲು ಒಡೆಯದ ಕಣ್ಣು ಬಂದದ್ದು ಹೀಗೆ. ಅಂದರೆ ಇವತ್ತಿನ ಕೃತಕ ಕಣ್ಣು ಹುಟ್ಟಿದ್ದರಲ್ಲಿ ಹಲ್ಲಿನ ಲ್ಯಾಬಿಗೆ ದೊಡ್ಡ ಪಾಲಿದೆ.

ನಮ್ಮ ಚಿತ್ರದುರ್ಗದಲ್ಲಿ ಒಂದು ದಂತ ವೈದ್ಯಕೀಯ ಕಾಲೇಜಿದೆ. 60 ಕಿಲೋಮೀಟರ್ ದೂರದ ದಾವಣಗೆರೆಯಲ್ಲಿ ಎರಡಿವೆ. ಕೃತಕ ಹಲ್ಲು ಕಟ್ಟುವ ಪ್ರಾಸ್ತೊಡಾಂಟಿಕ್ಸ್ ಎಂಬ ಸ್ನಾತಕೋತ್ತರ ವಿಷಯದಲ್ಲಿ ಕೃತಕ ಕಣ್ಣು, ಕಿವಿ, ಮೂಗು ಮಾಡುವುದೂ ಪಾಠದ ಭಾಗ. ಜಿಲ್ಲಾಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ. ಹೀಗಿರುವಾಗ ಹೊಸದುರ್ಗದ ಒಬ್ಬ ಕೂಲಿ ಕಾರ್ಮಿಕ ತನ್ನ ಮಗುವಿನ ಕಣ್ಣಿಗಾಗಿ ಬೆಂಗಳೂರಿನ ಬಸ್ಸು ಏಕೆ ಹತ್ತಬೇಕು?

ಇದು ಕಲ್ಪನೆಯ ಪ್ರಶ್ನೆಯಲ್ಲ. ಬೆಂಗಳೂರಿನಲ್ಲಿ ನನ್ನ ಪಕ್ಕ ಕಾಯುತ್ತಿದ್ದ ದಂಪತಿ ಹೊಸದುರ್ಗ ಕಡೆಯವರು, ಮಾತಿನಲ್ಲೇ ಗೊತ್ತಾಯಿತು. ತಾಯಿಯ ಮಡಿಲಲ್ಲಿ ಎರಡು ವರ್ಷದ ಗಂಡುಮಗು. ಕಣ್ಣಿನ ಕ್ಯಾನ್ಸರ್‌ಗೆ ಒಂದು ಕಣ್ಣು ತೆಗೆದಿದ್ದರು. ಫೋಟೋದಲ್ಲಿ ಮಗುವಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬಿಳಿಯಾಗಿ ಹೊಳೆದದ್ದನ್ನು ಯಾರೋ ಗಮನಿಸಿ ಆಸ್ಪತ್ರೆಗೆ ಕಳಿಸಿದ್ದರಿಂದ ಮಗು ಬದುಕಿತು. ಆದರೆ ಮಗುವಿನ ಮುಖ ಬೆಳೆಯುತ್ತದೆ. ಗುಳಿಗೆ ತಕ್ಕ ಚಿಪ್ಪು ಇಲ್ಲದಿದ್ದರೆ ಗುಳಿ ಕುಗ್ಗುತ್ತದೆ, ಆ ಕಡೆಯ ಮೂಳೆಯೂ ಸರಿಯಾಗಿ ಬೆಳೆಯುವುದಿಲ್ಲ. ಆದ್ದರಿಂದ ಮಕ್ಕಳಿಗೆ ಮತ್ತೆ ಮತ್ತೆ ದೊಡ್ಡ ಚಿಪ್ಪು ಬೇಕು. ದೊಡ್ಡವರಿಗೂ ಸುಮಾರು ಐದು ವರ್ಷಕ್ಕೊಮ್ಮೆ ಹೊಸದು ಬೇಕು, ನಡುವೆ ವರ್ಷಕ್ಕೊಮ್ಮೆ ಪಾಲಿಶ್ ಮಾಡಿಸಬೇಕು. ಆ ತಂದೆ ಲೆಕ್ಕ ಹಾಕುತ್ತಿದ್ದರು. ಇಬ್ಬರ ಬಸ್ ಚಾರ್ಜು, ಎರಡು ದಿನದ ಕೂಲಿ, ಉಳಿಯುವ ಖರ್ಚು, ಅದರ ಮೇಲೆ ಕಣ್ಣಿನ ಸಾವಿರಾರು ರೂಪಾಯಿ. ಅವರು ಮುಂದಿನ ಸಲ ಬಂದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾಲ್ಕು ವರ್ಷ ಕಳೆದರೂ ಆ ಮಗು ನೆನಪಿಗೆ ಬರುತ್ತದೆ.

ಸರ್ಕಾರದ ಸಹಾಯ ಇಲ್ಲವೇ ಎಂದು ನೀವು ಕೇಳಬಹುದು. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಗೆ ಶೇಕಡ 40 ಅಂಗವಿಕಲತೆಯ ಪ್ರಮಾಣಪತ್ರ ಬೇಕು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ನಿಯಮದ ಪ್ರಕಾರ ಅದು ಶೇಕಡ 30. ಹತ್ತು ಅಂಕ ಕಡಿಮೆ, ನಾವು ಫೇಲು.

ಇದಕ್ಕೆ ಒಂದು ಉತ್ತರ ಇದೆ, ಅದನ್ನು ನಾನು ಗೌರವಿಸುತ್ತೇನೆ. ಎರಡೂ ಕಣ್ಣು ಕಾಣದವರಿಗೆ ಮೊದಲು ಸಹಾಯ ಸಿಗಬೇಕು, ಒಂದು ಕಣ್ಣಿದ್ದರೆ ಓದಬಹುದು, ದುಡಿಯಬಹುದು. ನಿಜ. ಮನ್ಸೂರ್ ಅಲಿ ಖಾನ್ ಪಟೌಡಿ 1961ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತದ ಪರ ಮೊದಲ ಟೆಸ್ಟ್ ಆಡಿದರು, ಮರುವರ್ಷ 21ನೇ ವಯಸ್ಸಿನಲ್ಲಿ ನಾಯಕರಾದರು. ನಾನೂ ಪಿಸಿಎಂಬಿ ಓದುತ್ತಿದ್ದೇನೆ, ಲ್ಯಾಬಿನಲ್ಲಿ ಬ್ಯುರೆಟ್ ಓದುತ್ತೇನೆ. ಲೋಟಕ್ಕೆ ನೀರು ಸುರಿಯುವಾಗ ಮಾತ್ರ ಲೋಟದ ಅಂಚಿಗೆ ಜಗ್ಗನ್ನು ತಾಗಿಸಿ ಸುರಿಯುತ್ತೇನೆ, ಏಕೆಂದರೆ ಒಂದು ಕಣ್ಣಿಗೆ ಹತ್ತಿರದ ದೂರ ಸರಿಯಾಗಿ ತಿಳಿಯುವುದಿಲ್ಲ. ನನಗೆ ಪಿಂಚಣಿ ಬೇಡ, ನೌಕರಿಯಲ್ಲಿ ಮೀಸಲಾತಿ ಕೇಳುತ್ತಿಲ್ಲ. ಆದರೆ ಕೃತಕ ಕಣ್ಣು ಎಂಬ ಸಾಧನ ಹೆಚ್ಚಾಗಿ ಬೇಕಾಗುವುದೇ ಒಂದು ಕಣ್ಣು ಹೋದವರಿಗೆ. ಅವರನ್ನೇ ಹೊರಗಿಡುವ ಅಳತೆ ಈ ಒಂದು ಸಾಧನದ ಮಟ್ಟಿಗೆ ಬದಲಾಗಬೇಕು.

ಇನ್ನೊಂದು ಆಕ್ಷೇಪ ನಮ್ಮ ಮನೆಯೊಳಗಿನಿಂದಲೇ ಬಂತು. ಅಲ್ಲಾಹ್ ತೆಗೆದುಕೊಂಡದ್ದನ್ನು ಒಪ್ಪಿಕೊಳ್ಳಬೇಕು, ಸುಳ್ಳು ಕಣ್ಣು ಹಾಕಿ ತೋರಿಸಿಕೊಳ್ಳುವುದು ಸರಿಯೇ ಎಂದು ಹಿರಿಯರೊಬ್ಬರು ಕೇಳಿದರು. ಅಬ್ಬಾ ಮಸೀದಿಯ ಮೌಲಾನಾ ಅವರನ್ನು ಕೇಳಿದಾಗ ಅವರು ಸಹಾಬಿ ಅರ್ಫಜಾ ಅವರ ಘಟನೆ ಹೇಳಿದರು. ಯುದ್ಧವೊಂದರಲ್ಲಿ ಅವರ ಮೂಗು ಹೋಗಿತ್ತು. ಬೆಳ್ಳಿಯ ಮೂಗು ಮಾಡಿಸಿಕೊಂಡರು, ಅದು ವಾಸನೆ ಬರತೊಡಗಿತು. ಆಗ ಪ್ರವಾದಿ (ಸ) ಅವರು ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ಗಂಡಸರಿಗೆ ಚಿನ್ನ ನಿಷಿದ್ಧ, ಆದರೂ ಅಗತ್ಯಕ್ಕಾಗಿ ಅನುಮತಿ ಸಿಕ್ಕಿತು. ಹಾಗಿರುವಾಗ ಅಕ್ರಿಲಿಕ್ ಕಣ್ಣಿಗೆ ಏನು ಅಡ್ಡಿ ಎಂದು ಮೌಲಾನಾ ನಕ್ಕರಂತೆ. ವಜೂ ಮಾಡುವಾಗಲೂ ಅದನ್ನು ತೆಗೆಯಬೇಕಿಲ್ಲ, ಕಣ್ಣಿನ ಒಳಗೆ ತೊಳೆಯುವುದು ಯಾರಿಗೂ ಕಡ್ಡಾಯವಲ್ಲ ಎಂದರು.

ಅಲ್ಲದೆ ಇದು ಬರೀ ಅಂದದ ವಿಷಯವೂ ಅಲ್ಲ. ಒಳಗೆ ಆಸರೆ ಇಲ್ಲದಿದ್ದರೆ ರೆಪ್ಪೆ ಒಳಕ್ಕೆ ಕುಸಿಯುತ್ತದೆ, ರೆಪ್ಪೆಗೂದಲು ಚುಚ್ಚುತ್ತದೆ, ಕಣ್ಣೀರು ಸರಿಯಾಗಿ ಹರಿಯುವುದಿಲ್ಲ. ಅಂದದ ಮಾತೇ ಆದರೂ ತಪ್ಪೇನು? ಮುಂದಿನ ಎರಡು ಹಲ್ಲು ಹೋದರೆ ಯಾರೂ ಹಾಗೇ ಮದುವೆ ಮನೆಗೆ ಹೋಗುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಜಿಲ್ಲಾಸ್ಪತ್ರೆಯ ಕಣ್ಣಿನ ವಿಭಾಗ ಮತ್ತು ದಂತ ಕಾಲೇಜುಗಳು ಸೇರಿ ತಿಂಗಳಿಗೆ ಒಂದು ದಿನ ಕೃತಕ ಕಣ್ಣಿನ ಕ್ಲಿನಿಕ್ ನಡೆಸಲಿ. ಹೊಸ ಕಟ್ಟಡ ಬೇಡ, ದೊಡ್ಡ ಯಂತ್ರ ಬೇಡ. ಅಚ್ಚು ತೆಗೆಯುವ ಕೈ, ಬಣ್ಣ ಹಚ್ಚುವ ಕೈ, ಒಂದು ಹಲ್ಲಿನ ಲ್ಯಾಬು ಇದ್ದರೆ ಸಾಕು. ಹೊಸ ಕಣ್ಣು ಆಗದಿದ್ದರೂ ಪಾಲಿಶ್ ಮತ್ತು ತಪಾಸಣೆಯಾದರೂ ಇಲ್ಲೇ ಆಗಲಿ. ಕೈಯಿಂದ ಮಾಡಿದ ಕಣ್ಣಿಗೂ ಡಬ್ಬಿಯ ಕಣ್ಣಿಗೂ ಇರುವ ವ್ಯತ್ಯಾಸವನ್ನು ನಾನು ಎರಡು ವರ್ಷ ಅನುಭವಿಸಿದ್ದೇನೆ.

ನಮ್ಮ ಕಾಲೇಜಿನವರಿಗೂ ಎರಡು ಮಾತು. ಪಿಯುಸಿ ವಿಜ್ಞಾನ ಎಂದರೆ ನೀಟ್, ಇಲ್ಲದಿದ್ದರೆ ಇಂಜಿನಿಯರಿಂಗ್ ಎಂದು ಮಾತ್ರ ನಮಗೆ ಹೇಳುತ್ತಾರೆ. ಕೃತಕ ಕಣ್ಣು ಮಾಡುವವರನ್ನು ಆಕ್ಯುಲರಿಸ್ಟ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಅವರು ಬಹಳ ಕಡಿಮೆ. ಆಪ್ಟೊಮೆಟ್ರಿ ಅಥವಾ ದಂತ ವೈದ್ಯಕೀಯ ಓದಿ ಈ ಕೆಲಸ ಕಲಿಯಬಹುದು. ಮೆಹೆಂದಿ ಹಾಕುವುದರಲ್ಲಿ, ಚಿತ್ರ ಬಿಡಿಸುವುದರಲ್ಲಿ ಕೈ ಪಳಗಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಆ ಕೈ ಒಂದು ಮಗುವಿಗೆ ಕಣ್ಣಿನ ಬಣ್ಣ ಹಚ್ಚಬಹುದು.

ಎರಡನೆಯದು, ನಿಮಗೆ ಈಗ ವಿಷಯ ಗೊತ್ತಾಯಿತು. ನಾಳೆ ನನ್ನನ್ನು ಕಂಡಾಗ ಯಾವುದು ಯಾವುದು ಎಂದು ದಿಟ್ಟಿಸಬೇಡಿ, ನಾನೇ ಹೇಳಿದ್ದೇನೆ, ಬಲಗಡೆಯದು. ಬಲಗಡೆಯಿಂದ ಬರುವಾಗ ಹೆಸರು ಹಿಡಿದು ಕರೆಯಿರಿ, ಬೆಚ್ಚಿ ಬೀಳುವುದಿಲ್ಲ. ನಾನು ನಂಬರ್ ಇಲ್ಲದ ಕನ್ನಡಕ ಹಾಕುವುದು ಸ್ಟೈಲಿಗೆ ಅಲ್ಲ, ಉಳಿದ ಒಂದು ಕಣ್ಣನ್ನು ಕಾಪಾಡಿಕೊಳ್ಳಲು. ಕಾರಿಡಾರಿನಲ್ಲಿ ಸೀಮೆಸುಣ್ಣ ಎಸೆಯುವವರು ಇದನ್ನು ಓದಿದ್ದರೆ ಸಂತೋಷ.

ಎಂಟನೇ ತರಗತಿಯಲ್ಲಿ ಮಾಡಿಸಿದ ಕಣ್ಣು ಈಗ ಸಡಿಲವಾಗಿದೆ. ಪರೀಕ್ಷೆ ಮುಗಿದ ಮೇಲೆ ಹೊಸದು ಮಾಡಿಸಬೇಕು. ಅಬ್ಬಾ ಈಗಲೇ ದುಡ್ಡು ಕೂಡಿಡುತ್ತಿದ್ದಾರೆ. ಈ ಸಲವೂ ನಾವು 200 ಕಿಲೋಮೀಟರ್ ಬಸ್ಸಿನಲ್ಲಿ ಹೋಗುತ್ತೇವೆ, ಅದು ನನಗೆ ಗೊತ್ತು. ಅದರ ಮುಂದಿನ ಕಣ್ಣಿನ ಹೊತ್ತಿಗೆ ನನಗೆ 22 ವರ್ಷ ಆಗಿರುತ್ತದೆ. ಅದನ್ನು ಚಿತ್ರದುರ್ಗದಲ್ಲೇ ಮಾಡಿಸಿಕೊಳ್ಳಬೇಕು ಎಂಬುದು ನನ್ನ ಆಸೆ. ಮಾಡುವವರು ನಮ್ಮ ಕಾಲೇಜಿನಲ್ಲಿ ಓದಿದವರಾಗಿದ್ದರೆ ಇನ್ನೂ ಒಳ್ಳೆಯದು.